ಮಾಮಿಯ ವಿಮಾನ ಶಿರ್ತಾಡಿ ದಾಟಿದ್ದು

ಮಾಮಿಯ ಬಲಗೈ ಅವರ ಮಡಿಲಲ್ಲಿ ಅಂಗೈ ಮೇಲಾಗಿ ಬಿದ್ದಿರುತ್ತಿತ್ತು. ಬೆಳಿಗ್ಗೆ ಮನೆಯ ಚಾವಡಿಯ ಮೇಜಿನ ಮುಂದೆ ಕೂತಾಗ ಅವರು ಅದರ ಮಣಿಕಟ್ಟನ್ನು ಎಡಗೈಯಿಂದ ಹಿಡಿದೆತ್ತಿ, ಮೀನು ಮಾರುವವಳು ಬಂಗುಡೆಯನ್ನು ತಕ್ಕಡಿಗೆ ಹಾಕುವ ಹಾಗೆ ಮೇಜಿನ ಮೇಲೆ ಹಾಕುತ್ತಿದ್ದರು. ಬಳೆಗಳು ಮರಕ್ಕೆ ಬಡಿದು ಸದ್ದಾಗುತ್ತಿತ್ತು. ಆಮೇಲೆ ಅದಕ್ಕೆ ಬೈಗುಳ ಶುರು. "ಎಂತ ನೋಡ್ತೀ? ಏಳು. ಮಲಗಿದ್ದು ಸಾಕು." ಮನೆಗೆ ಮೊದಲ ಸಲ ಬಂದವರು ಬೈಗುಳ ನನಗೆ ಎಂದೇ ತಿಳಿದು ನನ್ನ ಮುಖ ನೋಡುತ್ತಿದ್ದರು. ಅವರದ್ದೂ ತಪ್ಪಲ್ಲ. ನಾನು ಮದುವೆಯಾಗಿ ಬಂದ ಹೊಸತರಲ್ಲಿ ಅದೇ ಧಾಟಿಯ ಮಾತು ನನಗೂ ಸಿಕ್ಕಿದ್ದುಂಟು.

ಮಾಮಿ ಎಂದರೆ ನನ್ನ ಗಂಡನ ತಾಯಿ. ತುಳುವಿನಲ್ಲಿ ಅತ್ತೆಯನ್ನು ಕರೆಯುವುದೇ ಹಾಗೆ. ನಮ್ಮ ಮನೆಯ ಮಾತೆಲ್ಲ ತುಳು. ಇಲ್ಲಿ ಅದನ್ನು ಕನ್ನಡಕ್ಕೆ ದಾಟಿಸಿ ಬರೆಯುತ್ತಿದ್ದೇನೆ. ದಾಟಿಸುವಾಗ ಮಾಮಿಯ ಮಾತಿನ ಖಾರ ತುಸು ಇಳಿದಿದ್ದರೆ ಅದು ಓದುವವರ ಪುಣ್ಯ. ಮಾವ ಬಹರೈನಿನಲ್ಲಿ ಒಂದು ಹೋಟೆಲು ನೋಡಿಕೊಳ್ಳುತ್ತಿದ್ದ ಕಾಲದಲ್ಲಿ ಮಾಮಿ ಕೆಲವು ವರ್ಷ ಅಲ್ಲಿದ್ದರು. ಮಗನ ಓದಿಗೆಂದು ಮೂಡುಬಿದಿರೆಗೆ ಬಂದು, ಕಲ್ಲಿನ ಲಾರಿಯವನಿಂದ ಹಿಡಿದು ಬಾವಿ ತೋಡುವವನ ತನಕ ಎಲ್ಲರೊಡನೆ ತಾವೇ ಜಗಳವಾಡಿ ಗೆದ್ದು ಮನೆ ಕಟ್ಟಿಸಿದರು. ಮಾವ ಊರಿಗೆ ಮರಳಿದ ಮೇಲೆ ಹೆಚ್ಚು ಕಾಲ ಬದುಕಲಿಲ್ಲ. ನಾನು ಬರುವ ಹೊತ್ತಿಗೆ ಯಜಮಾನಿಕೆ ಪೂರ್ತಿ ಮಾಮಿಯದ್ದು. ಮಿಜಾರಿನ ಕಾಲೇಜಿನಲ್ಲಿ ಪಾಠ ಮಾಡುವ ನಾನು, ಮಂಗಳೂರಿನ ಬ್ಯಾಂಕಿಗೆ ಹೋಗಿ ಬರುವ ನನ್ನ ಗಂಡ, ಇಬ್ಬರೂ ಅವರ ಕಣ್ಣಿಗೆ ಊಟದ ಹೊತ್ತಿಗೆ ಸರಿಯಾಗಿ ಬರುವ ಬಾಡಿಗೆಯವರು.

ಪಾರ್ಶ್ವವಾಯು ಬಡಿದದ್ದು ಶಿವರಾತ್ರಿ ಕಳೆದ ಮೇಲೆ ಒಂದು ಬೆಳಿಗ್ಗೆ, ತೆಂಗಿನಕಾಯಿ ತುರಿಯುವಾಗ. ಆಸ್ಪತ್ರೆಯಿಂದ ಬಂದ ಕೆಲವೇ ವಾರಗಳಲ್ಲಿ ಮಾತು ಸರಿಯಾಯಿತು. ಊರುಗೋಲು ಹಿಡಿದು ಅಂಗಳದವರೆಗೆ ಹೋಗುವಷ್ಟು ಕಾಲೂ ಬಂತು. ಕೈ ಮಾತ್ರ ಬರಲಿಲ್ಲ. ಭುಜ ಸ್ವಲ್ಪ ಅಲುಗುತ್ತಿತ್ತು, ಬೆರಳುಗಳು ಮಡಚಿಕೊಂಡೇ ಇರುತ್ತಿದ್ದವು. ಮಾಮಿ ನಮ್ಮೊಡನೆ ಊಟಕ್ಕೆ ಕೂರುವುದನ್ನು ಬಿಟ್ಟರು. ತಟ್ಟೆಯನ್ನು ಕೋಣೆಗೆ ತರಿಸಿಕೊಂಡು, ಬಾಗಿಲು ಹಾಕಿ, ಎಡಗೈಯಲ್ಲಿ ಚಮಚ ಹಿಡಿದು ಉಣ್ಣುತ್ತಿದ್ದರು. ಒಮ್ಮೆ ನೀರು ಕೊಡಲೆಂದು ನಾನು ಬಾಗಿಲು ತಳ್ಳಿದಾಗ ಚಮಚವನ್ನು ಸೆರಗಿನಡಿಗೆ ಸರಿಸಿದರು. ಬಾವಿ ತೋಡುವವನನ್ನು ನಡುಗಿಸಿದ ಹೆಂಗಸು ಚಮಚ ಬಚ್ಚಿಟ್ಟದ್ದನ್ನು ಕಂಡು ನನಗೆ ಬಹಳ ಸಂಕಟವಾಯಿತು.

ಅವರ ಮನಸ್ಸಿನಲ್ಲಿ ಇದ್ದದ್ದು ಹೊಸ ಅಕ್ಕಿಯ ಊಟ. ಮಾಮಿಯ ತರವಾಡು ಮನೆ, ಎಂದರೆ ಕುಟುಂಬದ ಮೂಲಮನೆ, ಅಳದಂಗಡಿಯಲ್ಲಿದೆ. ಚೌತಿ ಕಳೆದು ಹೊಸ ತೆನೆ ಬಂದಾಗ ಕುಟುಂಬದವರೆಲ್ಲ ಅಲ್ಲಿ ಸೇರಿ, ಕಂಬಗಳಿಗೆ ತೆನೆ ಕಟ್ಟಿ, ಹೊಸ ಅಕ್ಕಿಯ ಅನ್ನವನ್ನು ತೆಂಗಿನ ಹಾಲಿನೊಡನೆ ಉಣ್ಣುವುದು ಪದ್ಧತಿ. ಅದು ತಾಯಿಯ ಕಡೆಯಿಂದ ಲೆಕ್ಕ ಹಿಡಿಯುವ ಕುಟುಂಬ; ಬದುಕಿದ್ದವರಲ್ಲಿ ಎಲ್ಲರಿಗಿಂತ ಹಿರಿಯರು ಮಾಮಿ. ಎಲೆಯ ಮುಂದೆ ಕೂತವರು ಅವರತ್ತ ತಿರುಗಿ "ಹೊಸತು ಉಣ್ತೇವೆ" ಎನ್ನಬೇಕು. ಅವರು "ಉಣ್ಣಿ" ಎಂದು ಮೊದಲ ತುತ್ತನ್ನು ತಮ್ಮ ಬಾಯಿಗಿಡಬೇಕು. ಆಮೇಲೆಯೇ ಉಳಿದವರ ಕೈ ಎಲೆ ಮುಟ್ಟುವುದು. ಅವರು ಉಂಡು ಏಳುವ ತನಕ ಯಾರೂ ಏಳುವ ಹಾಗೂ ಇಲ್ಲ.

ಮಾಮಿಯ ತಮ್ಮ, ನಾವು ಅಳದಂಗಡಿ ಮಾವ ಎನ್ನುವವರು, ಅಕ್ಕನನ್ನು ನೋಡಲು ಬಂದಾಗ ಈ ಮಾತು ತೆಗೆದರು.

"ಈ ವರ್ಷ ನೀನು ಎಡಗೈಯಲ್ಲಿ ಬಾಯಿಗೆ ಮುಟ್ಟಿಸಿದ್ರೆ ಸಾಕು ಅಕ್ಕ. ಯಾರು ಎಂತ ಹೇಳ್ಲಿಕ್ಕೆ ಉಂಟು?"

"ಯಾರೂ ಏನೂ ಹೇಳ್ಲಿಕ್ಕಿಲ್ಲ. ಪಾಪ ಅಂತ ಸುಮ್ಮನೆ ನೋಡ್ತಾರೆ. ಅದೇ ನನಗೆ ಆಗದ್ದು," ಎಂದರು ಮಾಮಿ. "ಬಲಗೈ ಬಂದ್ರೆ ಬರ್ತೇನೆ. ಇಲ್ಲದಿದ್ರೆ ಆ ಎಲೆಗೆ ನೀನು ಕೂತ್ಕೊ."

ಅಳದಂಗಡಿ ಮಾವ ಚಾ ಕುಡಿದು ಎದ್ದರು. ಅಕ್ಕ ಒಮ್ಮೆ ಹೇಳಿದರೆ ಮುಗಿಯಿತು ಎಂಬುದು ಅವರಿಗೆ ನನಗಿಂತ ಎಷ್ಟೋ ಮೊದಲೇ ಗೊತ್ತಿತ್ತು.

ದಿನ ಬಿಟ್ಟು ದಿನ ಫಿಸಿಯೋಥೆರಪಿಯ ಹುಡುಗಿಯೊಬ್ಬಳು ಮನೆಗೆ ಬರುತ್ತಿದ್ದಳು. ತಾಳ್ಮೆಯ ಹುಡುಗಿ. ಮೆತ್ತನೆಯ ಚೆಂಡು ಕೊಟ್ಟು ಹಿಚುಕಿಸುವಳು, ಹಲಗೆಯ ತೂತುಗಳಿಗೆ ಮರದ ಗೂಟ ಹಾಕಿಸುವಳು. ಮಾಮಿ ಅವಳಿಗೆ ಒಂದು ದಿನವೂ ಎದುರಾಡಲಿಲ್ಲ. ಅವಳ ಸ್ಕೂಟರಿನ ಸದ್ದು ದೂರವಾದ ಮೇಲೆ ಚೆಂಡನ್ನು ನನ್ನತ್ತ ಎಸೆಯುತ್ತಿದ್ದರು.

"ಈ ಕೈ ಪೆದ್ದು ಅಂತ ಎಣಿಸಿದ್ದಾಳಾ ಅವಳು? ಚೆಂಡು ಹಿಚುಕಿದ್ರೆ ಅದಕ್ಕೆ ಎಂತ ಸಿಗ್ತದೆ? ಹಿಚುಕದಿದ್ರೆ ಎಂತ ಹೋಗ್ತದೆ? ಏನೂ ಇಲ್ಲ. ಹಾಗಾದ್ರೆ ಅದು ಯಾಕೆ ಏಳ್ಬೇಕು? ಎದುರಿನಿಂದ ಯಾರಾದ್ರೂ ಹೊಡೀಲಿಕ್ಕೆ ಬಂದ್ರೆ ಏಳ್ತದೆ." ಆಮೇಲೆ, "ಅಟ್ಟದಲ್ಲಿ ಬಹರೈನಿನ ಸೂಟ್‌ಕೇಸು ಉಂಟು. ಇಳಿಸು. ಅದರಲ್ಲಿ ನನ್ನ ವಿಮಾನ ಉಂಟು" ಎಂದರು.

ನಾನು ಹೆದರಿದೆ. ತಲೆಗೆ ಮತ್ತೇನಾದರೂ ಆಯಿತೇ ಎಂದು ಒಳಗೆ ಹೋಗಿ ಗಂಡನಿಗೆ ಫೋನ್ ಮಾಡಿದೆ. ಅವನು ಬ್ಯಾಂಕಿನಲ್ಲಿ ಕೂತು ಜೋರಾಗಿ ನಕ್ಕ. "ವಿಮಾನ ಇನ್ನೂ ಉಂಟಾ? ಅದು ನನಗೆ ಅಂತ ತಂದದ್ದು ಮಾರಾಯ್ತಿ. ಅಮ್ಮ ಮುಟ್ಲಿಕ್ಕೇ ಬಿಡ್ಲಿಲ್ಲ."

ಸೂಟ್‌ಕೇಸಿನಲ್ಲಿ ಬಣ್ಣ ಮಾಸಿದ ಟವಲುಗಳ ನಡುವೆ ದಪ್ಪ ಕೀಬೋರ್ಡಿನಂಥ ಒಂದು ಪೆಟ್ಟಿಗೆಯಿತ್ತು. ಒಂದೊಂದು ಗುಂಡಿಯ ಮೇಲೂ ಇಂಗ್ಲಿಷ್ ಅಕ್ಷರದ ಪಕ್ಕ ಅರಬ್ಬಿ ಅಕ್ಷರ. ಕಂಪ್ಯೂಟರ್ ಎಂದರೆ ಅಷ್ಟೇ, ಬೇರೆ ಪರದೆ ಇಲ್ಲ. ಅದನ್ನು ಟಿವಿಗೆ ಸಿಕ್ಕಿಸಿ, ಟೇಪ್‌ರೆಕಾರ್ಡರಿನಲ್ಲಿ ಕ್ಯಾಸೆಟ್ ಓಡಿಸಿದರೆ ಆಟ ಅದರೊಳಗೆ ಇಳಿಯುತ್ತಿತ್ತಂತೆ. ಜೊತೆಗೊಂದು ಕ್ಯಾಸೆಟ್ಟು, ಒಂದು ಜಾಯ್‌ಸ್ಟಿಕ್ಕು. ಬಹರೈನಿನಲ್ಲಿ ಪಕ್ಕದ ಮನೆಯ ಈಜಿಪ್ಟಿನವರು ಊರಿಗೆ ಹೋಗುವಾಗ ಬಿಟ್ಟುಕೊಟ್ಟದ್ದು. ಮಗ ಕಲಿಯಲಿ ಎಂದು ಮಾವ ತಂದರು, ಮಗ ಕೆಳಗೆ ಸೈಕಲ್ ಹೊಡೆಯಲು ಓಡಿದ. ಹೊರಗೆ ಕಾಲಿಡಲಾಗದ ಬಿಸಿಲು, ಬಾರದ ಭಾಷೆ, ಹೋಟೆಲಿಗೆ ಹೋದ ಗಂಡ; ಅಡುಗೆ ಮುಗಿಸಿದ ಮಾಮಿ ಅದರ ಮುಂದೆ ಕೂತರು. "ಅಲ್ಲಿ ನನ್ನ ಹತ್ತಿರ ಮಾತಾಡ್ಲಿಕ್ಕೆ ಯಾರಿದ್ರು? ಮಧ್ಯಾಹ್ನ ಇಡೀ ಆ ಆಟದ ರಾಕ್ಷಸರೇ ನನಗೆ ನೆಂಟರು" ಎಂದು ಅವರು ಹೇಳಿದಾಗ ಆ ಮಧ್ಯಾಹ್ನಗಳ ಬಗ್ಗೆ ನಾನು ಒಮ್ಮೆಯೂ ಕೇಳಿರಲಿಲ್ಲವಲ್ಲ ಎಂದು ಹೊಳೆಯಿತು.

ಆಟ ಸರಳ. ಪರದೆಯ ಎಡಬದಿಯಲ್ಲೊಂದು ಪುಟ್ಟ ವಿಮಾನ. ಆಕಾಶ ಕಪ್ಪು, ಕೆಳಗೆ ಗುಡ್ಡ, ಮೇಲೆ ಬಂಡೆ. ಪರದೆ ತಾನಾಗಿ ಬಲದಿಂದ ಎಡಕ್ಕೆ ಸರಿಯುತ್ತಲೇ ಇರುತ್ತದೆ. ಎದುರಿನಿಂದ ಶತ್ರುಗಳು ಬರುತ್ತಾರೆ. ವಿಮಾನವನ್ನು ಜಾಯ್‌ಸ್ಟಿಕ್ಕಿನ ಕೋಲಿನಿಂದ ಮೇಲೆ ಕೆಳಗೆ ಆಡಿಸಿ ತಪ್ಪಿಸಿಕೊಳ್ಳಬೇಕು, ಗುಂಡು ಹೊಡೆಯಬೇಕು. ನಿಲ್ಲುವಂತಿಲ್ಲ, ಹಿಂದೆ ಬರುವಂತಿಲ್ಲ. ಕೊನೆಯಲ್ಲಿ ಒಂದು ಇಕ್ಕಟ್ಟಾದ ಗುಹೆ ಬರುತ್ತದಂತೆ. ಬಹರೈನಿನಲ್ಲಿದ್ದಷ್ಟು ವರ್ಷವೂ ಮಾಮಿ ಆ ಗುಹೆ ದಾಟಿರಲಿಲ್ಲ.

ಮನೆಯಲ್ಲಿದ್ದ ಹಳೆಯ ಟೇಪ್‌ರೆಕಾರ್ಡರಿಗೆ ಕ್ಯಾಸೆಟ್ ಹಾಕಿದೆ. ಕಿರ್ ಎಂಬ ಕಿರುಚಾಟ ಬರಬೇಕು, ಅದೇ ಆಟ ಎಂದು ಮಾಮಿ ಮೊದಲೇ ಹೇಳಿದ್ದರು. ಬಂದದ್ದು ಮದ್ದಳೆಯ ಸದ್ದು, ಹಿಂದೆಯೇ ಭಾಗವತರ ಪದ. ಆಮೇಲೆ ಯಾರೋ ಕೃಷ್ಣನ ಪಾತ್ರವಾಗಿ ಅರ್ಥ ಹೇಳತೊಡಗಿದರು.

ಆಗಿದ್ದು ಇಷ್ಟು. ಆ ಕಾಲದಲ್ಲಿ ನಮ್ಮ ಕಡೆ ಗಲ್ಫಿನ ಕ್ಯಾಸೆಟ್ಟು ಕೈಗೆ ಸಿಕ್ಕಿದರೆ ಅದರ ಗತಿ ಒಂದೇ, ಯಕ್ಷಗಾನವೋ, ವೇಷವಿಲ್ಲದೆ ಕೂತು ಮಾತಿನಲ್ಲೇ ನಡೆಸುವ ತಾಳಮದ್ದಳೆಯೋ ತುಂಬಿಸುವುದು. ಮಾವ ಊರಿಗೆ ಬಂದವರು ಇದನ್ನು ಹಾಕಿ ಕೇಳಿದ್ದಾರೆ, ಬರೀ ಕಿರುಚಾಟ. ಹಾಳಾಗಿದೆ ಎಂದು ತೀರ್ಮಾನಿಸಿ ಬಂಟ್ವಾಳದ ಕಡೆ ನಡೆದ ಯಾವುದೋ ತಾಳಮದ್ದಳೆಯನ್ನು ಅದರ ಮೇಲೆ ತುಂಬಿಸಿಕೊಂಡು ಬಂದಿದ್ದಾರೆ. ಮಾಮಿಯ ಆಕಾಶ, ಗುಡ್ಡ, ರಾಕ್ಷಸರು ಎಲ್ಲ ಕೃಷ್ಣಸಂಧಾನದ ಕೆಳಗೆ ಹೂತುಹೋಗಿದ್ದರು.

ಸಿಟ್ಟಾಗುತ್ತಾರೆ ಎಂದು ನಾನು ಕಾದೆ. ಅವರು ಎಡಗೈಯೆತ್ತಿ ನನ್ನನ್ನು ಸುಮ್ಮನಿರಿಸಿದರು. ಅರ್ಥಧಾರಿಯ ಮಾತಿನ ನಡುವೆ ಯಾರೋ ಹತ್ತಿರದಲ್ಲೇ ಕೆಮ್ಮಿದ್ದು ಕೇಳಿಸಿತು. "ಅವರ ಕೆಮ್ಮು" ಎಂದರು ಮಾಮಿ. ಮಾವ ತೀರಿಕೊಂಡ ಮೇಲೆ ಆ ಮನೆಯಲ್ಲಿ ಅವರದೊಂದು ಸದ್ದು ಕೇಳಿದ್ದು ಅದೇ ಮೊದಲು. ಆ ಬದಿ ಮುಗಿಯುವ ತನಕ ಕೇಳಿದೆವು. ಅವರ ಕಣ್ಣು ತುಂಬಿತ್ತು, ನನ್ನದೂ.

"ಅರ್ಥ ಒಳ್ಳೆದು ಹೇಳ್ತಾರೆ," ಎಂದರು ಆಮೇಲೆ, ಸೆರಗಿನಿಂದ ಮೂಗು ಒರೆಸಿಕೊಂಡು. "ಆದ್ರೆ ಇದರಿಂದ ವಿಮಾನ ಏಳ್ಲಿಕ್ಕಿಲ್ಲ. ತೆಗೆದಿಡು. ಮುಂದೆ ಎಂತ ಮಾಡುವ?"

ಬೆಳ್ತಂಗಡಿಯಲ್ಲಿ ಉಮರಾಕನ ಅಂಗಡಿಯಿದೆ. ಹಿಂದೆ ಗಲ್ಫಿನಿಂದ ಬಂದ ಟೇಪ್‌ರೆಕಾರ್ಡರುಗಳಿಗೆಲ್ಲ ಅವರೇ ಡಾಕ್ಟರು. ಈಗ ಮೊಬೈಲಿನ ಕವರು, ಚಾರ್ಜರು ಮಾರುತ್ತಾರೆ. ಮಾಮಿ ಹಟ ಹಿಡಿದು ತಾವೇ ಕಾರಿನಲ್ಲಿ ಬಂದರು. ಪೆಟ್ಟಿಗೆಯನ್ನು ತಿರುಗಿಸಿ ಮುರುಗಿಸಿ ನೋಡಿದ ಉಮರಾಕ,

"ಪೆಟ್ಟಿಗೆಗೆ ಜೀವ ಉಂಟು ಅಕ್ಕ. ಆದ್ರೆ ಈ ಕ್ಯಾಸೆಟ್ ಇನ್ನು ಎಲ್ಲಿಂದ ತರುದು? ನನ್ನಿಂದ ಆಗ್ಲಿಕ್ಕಿಲ್ಲ" ಎಂದರು.

"ಆಗ್ಲಿಕ್ಕಿಲ್ಲ ಅಂತ ಹೇಳ್ಲಿಕ್ಕೆ ಮೂಡುಬಿದಿರೆಯಲ್ಲೇ ಜನ ಇದ್ರು ಉಮರಾಕ. ಅದಕ್ಕೆ ಇಷ್ಟು ದೂರ ಬರ್ಬೇಕಿತ್ತಾ ನಾನು?"

ಉಮರಾಕ ನಕ್ಕರು. ಎರಡು ದಿನ ಬಿಟ್ಟು ಅವರದೇ ಫೋನ್ ಬಂತು. ಇಂಜಿನಿಯರಿಂಗ್ ಓದುವ ಅವರ ಮಗಳು ಹುಡುಕಿದಳಂತೆ. ಇಂಥ ಹಳೆಯ ಆಟಗಳ ಕಿರುಚಾಟವನ್ನು ಯಾರೋ ಪುಣ್ಯಾತ್ಮರು ಇಂಟರ್ನೆಟ್ಟಿನಲ್ಲಿ ಕೂಡಿಟ್ಟಿದ್ದಾರೆ. ಕ್ಯಾಸೆಟ್ಟೇ ಬೇಡ, ಫೋನಿನಿಂದ ಕಿರುಚಿಸಿದರೂ ನಡೆಯುತ್ತದೆ. ಉಮರಾಕ ಒಂದು ಡಬ್ಬದಂಥ ಹಳೆ ಟಿವಿ, ತಾವೇ ಬೆಸುಗೆ ಹಾಕಿದ ಒಂದು ವಯರು ತಂದು ನಮ್ಮ ಚಾವಡಿಯಲ್ಲಿ ಜೋಡಿಸಿದರು. ನನ್ನ ಫೋನು ಕಿರುಚಲು ಶುರು ಮಾಡಿತು. ಮಿಕ್ಸಿ ಕೆಟ್ಟಿತೇ ಎಂದು ಪಕ್ಕದ ಮನೆಯವರು ವಿಚಾರಿಸಿ ಹೋದರು. ಆಟ ಅರ್ಧ ಇಳಿದಿತ್ತು, ಅಳದಂಗಡಿ ಮಾವನ ಫೋನ್ ಬಂತು. ನನ್ನ ರಿಂಗ್‌ಟೋನು, ಗಣಪತಿಯ ಹಾಡು, ಸೀದಾ ಕಂಪ್ಯೂಟರಿನೊಳಗೆ ಹೋಗಿ ಎಲ್ಲ ನಿಂತುಹೋಯಿತು.

ಮಾಮಿ ಫೋನನ್ನು ಎಡಗೈಯಲ್ಲಿ ಕಸಿದುಕೊಂಡರು. "ತಮ್ಮಾ, ಇನ್ನು ನೀನು ಫೋನ್ ಮಾಡುವ ಮೊದಲು ಕೇಳಿ ಮಾಡು."

ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿದ ಮೇಲೆಯೇ ಮಾಮಿಯ ವಿಮಾನ ಮೇಲೆದ್ದದ್ದು. ಕಪ್ಪು ಆಕಾಶ, ಕೆಳಗೆ ಹಸಿರು ಗುಡ್ಡ. ಮಾಮಿ ಟಿವಿಯ ಹತ್ತಿರ ಮುಖ ತಂದು ನೋಡಿದರು, ಬಹಳ ಕಾಲದ ಮೇಲೆ ಕಂಡ ಗೆಳತಿಯನ್ನು ನೋಡುವ ಹಾಗೆ. ಹೊರಡುವಾಗ ಉಮರಾಕ ಅಂಗಳದಲ್ಲಿ ನಿಂತು, "ನನ್ನ ಉಮ್ಮನಿಗೂ ಹೀಗೇ ಕೈ ಹೋಗಿತ್ತು. ನಾವು ತಿನ್ನಿಸ್ತಾ ಇದ್ದೆವು, ಅವರು ತಿಂತಾ ಇದ್ರು. ಕೈ ಮತ್ತೆ ಬರ್ಲೇ ಇಲ್ಲ" ಎಂದು ನನಗೊಬ್ಬಳಿಗೇ ಕೇಳುವಂತೆ ಹೇಳಿದರು.

ಬಲಗೈಯ ಬೆರಳುಗಳು ಕೋಲನ್ನು ಹಿಡಿಯುತ್ತಿರಲಿಲ್ಲ. ಮಾಮಿ ಹಳೆಯ ಪಂಚೆಯನ್ನು ನನ್ನಿಂದ ಪಟ್ಟಿ ಪಟ್ಟಿಯಾಗಿ ಹರಿಸಿ ಬೆರಳುಗಳನ್ನು ಕೋಲಿಗೆ ಸುತ್ತಿ ಕಟ್ಟಿಸಿಕೊಂಡರು. ಗುಂಡು ಹೊಡೆಯುವ ಗುಂಡಿ ಎಡಗೈಗೆ. ವಿಮಾನ ಎದ್ದ ಕ್ಷಣದಲ್ಲೇ ಮೊದಲ ಗುಡ್ಡಕ್ಕೆ ಬಡಿಯಿತು. ಮತ್ತೆ ಎದ್ದಿತು, ಮತ್ತೆ ಬಡಿಯಿತು. ಫಿಸಿಯೋ ಹುಡುಗಿ ಬಂದವಳು ಮೊದಲು ಬಾಯಿಗೆ ಕೈ ಅಡ್ಡ ಇಟ್ಟು ನಕ್ಕಳು. ಆಮೇಲೆ ಮಾಮಿಯ ಭುಜ, ಮೊಣಕೈ ನೋಡುತ್ತ ಗಂಭೀರಳಾದಳು. ಪಟ್ಟಿಯನ್ನು ಸಡಿಲಿಸಿದಳು, ಮೊಣಕೈಯಡಿಗೆ ದಿಂಬು ಕೊಟ್ಟಳು, ಬೆನ್ನು ನೆಟ್ಟಗಿರಬೇಕು ಎಂದಳು. "ಆಡಿ ಅಮ್ಮ. ಕೈ ಸೋತ ಕೂಡಲೇ ನಿಲ್ಲಿಸ್ಬೇಕು. ಆದ್ರೆ ಚೆಂಡೂ ಬೇಕು" ಎಂದು ಷರತ್ತು ಹಾಕಿದಳು. ಒಪ್ಪಂದವಾಯಿತು. ಚೆಂಡು ಮೊದಲು, ವಿಮಾನ ಆಮೇಲೆ.

ಎಲ್ಲರೂ ಆಟಗಳಲ್ಲಿ ಅಂಕ ನೋಡುತ್ತಾರೆ. ಮಾಮಿ ಅಂಕದ ಕಡೆ ಕಣ್ಣು ಹಾಯಿಸಲಿಲ್ಲ. ಎಲ್ಲಿಯವರೆಗೆ ಹೋದೆ ಎಂಬುದಷ್ಟೇ ಅವರ ಲೆಕ್ಕ. ಅದಕ್ಕೆ ನಮ್ಮ ಮನೆಯಿಂದ ಅಳದಂಗಡಿಗೆ ಹೋಗುವ ಬಸ್ಸಿನ ದಾರಿಯನ್ನೇ ಇಟ್ಟುಕೊಂಡರು. ವಿಮಾನ ಹೊರಡುವ ಜಾಗ ಮೂಡುಬಿದಿರೆ ಬಸ್‌ಸ್ಟ್ಯಾಂಡು. ಎರಡು ಗುಡ್ಡ ದಾಟಿ, ನೆಲದಿಂದ ಬಾಣಗಳು ಏಳುವ ಬಯಲು ಶಿರ್ತಾಡಿ. ಕೊನೆಯ ಇಕ್ಕಟ್ಟಿನ ಗುಹೆ ನಾರಾವಿ. ಅದರಾಚೆ ಏನಿದೆಯೋ ಯಾರೂ ಕಂಡಿಲ್ಲ, ಹಾಗಾಗಿ ಅದು ಅಳದಂಗಡಿ.

ಬೇಸಗೆ ರಜೆ ಕಳೆದು ಕಾಲೇಜು ಶುರುವಾದ ಮೇಲೊಂದು ಮಧ್ಯಾಹ್ನ ನಾನು ಅಧ್ಯಾಪಕರ ಕೋಣೆಯಲ್ಲಿದ್ದಾಗ ಮಾಮಿಯ ಫೋನ್ ಬಂತು. ಮಾತು ಮುಗಿಸಿ ಇಟ್ಟಾಗ ಪಕ್ಕದ ಸಹೋದ್ಯೋಗಿ "ಮನೆಯಲ್ಲಿ ಎಲ್ಲ ಸೌಖ್ಯವಾ?" ಎಂದು ಕೇಳಿದರು. ನಾನು ಉತ್ತರ ಪತ್ರಿಕೆಯಿಂದ ತಲೆಯೆತ್ತದೆ, "ಸೌಖ್ಯ. ನಮ್ಮ ಮಾಮಿ ಶಿರ್ತಾಡಿಯಲ್ಲಿ ಸತ್ತರಂತೆ. ನಿನ್ನೆ ಅಷ್ಟು ದೂರ ಹೋಗಿರಲಿಲ್ಲ" ಎಂದೆ. ಕೋಣೆಯಲ್ಲಿ ಎಲ್ಲರೂ ನನ್ನತ್ತ ತಿರುಗಿದ ಮೇಲೆ ನಾನು ಹೇಳಿದ್ದೇನು ಎಂದು ನನಗೆ ಗೊತ್ತಾಯಿತು. ಅಂದಿನಿಂದ ಮಾಮಿ ನಮ್ಮ ಕಾಲೇಜಿನಲ್ಲಿ ಪ್ರಸಿದ್ಧರು. ಬೆಳಿಗ್ಗೆ ಬಸ್ಸಿಳಿದರೆ ಸಾಕು, ಮಾಮಿ ಎಲ್ಲಿ ಮುಟ್ಟಿದರು ಎಂಬ ವಿಚಾರಣೆ.

ಅವರ ಆಟದಲ್ಲೊಂದು ಸ್ವಭಾವವಿತ್ತು. ಬಂದವರನ್ನೆಲ್ಲ ಹೊಡೆಯುತ್ತಿರಲಿಲ್ಲ. ಬದಿಗೆ ಸರಿದು ದಾಟಿಸಿಬಿಡುತ್ತಿದ್ದರು. ನಾನೊಮ್ಮೆ ಆಡಿದಾಗ ಕಂಡವರಿಗೆಲ್ಲ ಗುಂಡು ಹಾರಿಸುತ್ತ ಹೋಗಿ ಗುಡ್ಡಕ್ಕೆ ಹೊಡೆದೆ. "ಎಲ್ಲರನ್ನು ಕೊಲ್ಲಿಕ್ಕೆ ಹೋದ್ರೆ ದಾರಿ ನೋಡುವುದು ಯಾರು?" ಎಂದರು. ಆ ವರ್ಷ ವರಸೆಯಲ್ಲಿ ನನಗೆ ನಾದಿನಿಯಾಗುವ ಒಬ್ಬಳು, ಅತ್ತೆಯನ್ನು ಟಿವಿ ಮುಂದೆ ಕೂರಿಸಿ ಸೊಸೆ ಕೆಲಸಕ್ಕೆ ಹೋಗುತ್ತಾಳೆ ಎಂದು ಕುಟುಂಬದಲ್ಲೆಲ್ಲ ಆಡಿಕೊಂಡಿದ್ದಳು. ನಾನು ಫೋನ್ ಎತ್ತಿ ಸರಿಯಾಗಿ ಕೊಡಬೇಕೆಂದಿದ್ದೆ. ಮಾಮಿ ಪರದೆಯಿಂದ ಕಣ್ಣು ತೆಗೆಯದೆ, "ಅವಳು ಎದುರಿಗೆ ಬರ್ತಾ ಇದ್ರೆ ಬರ್ಲಿ. ನೀನು ಸ್ವಲ್ಪ ಮೇಲೆ ಹೋಗು" ಎಂದರು. ನಾನು ಫೋನ್ ಕೆಳಗಿಟ್ಟೆ.

ಪಂಚೆಯ ಪಟ್ಟಿ ಒಂದೊಂದೇ ಸುತ್ತು ಕಡಿಮೆಯಾಯಿತು. ಬೆರಳು ತಾನಾಗಿ ಕೋಲು ಹಿಡಿದ ದಿನ ಮಾಮಿ ಯಾರಿಗೂ ಹೇಳಲಿಲ್ಲ. ಬಿಚ್ಚಿದ ಪಟ್ಟಿಯನ್ನು ಒಗೆದು ಹಗ್ಗದ ಮೇಲೆ ಹಾಕಿದ್ದರು, ಅಷ್ಟೇ. ಅದನ್ನು ನೋಡಿ ನಾನೇ ತಿಳಿದುಕೊಂಡೆ. ಅಷ್ಟರಲ್ಲಿ ಆಟಿ ತಿಂಗಳ, ಎಂದರೆ ಆಷಾಢದ, ಜಡಿಮಳೆ ಹಿಡಿಯಿತು, ಮಾಮಿಗೆ ಜ್ವರ ಬಂತು. ಜ್ವರ ಬಿಟ್ಟು ಎದ್ದಾಗ ಕೈ ಮತ್ತೆ ಮಡಿಲಿಗೆ ಬಿದ್ದಿತ್ತು. ಕೋಲು ಹಿಡಿಯಲಿಲ್ಲ. ಚೌತಿ ಹತ್ತಿರವಿತ್ತು. ನೋಡಿ ಬೇಸರವಾಗದಿರಲಿ ಎಂದು ನಾನು ಟಿವಿಗೆ ಒಂದು ಬಟ್ಟೆ ಹೊದಿಸಿದೆ.

"ಅದನ್ನು ಯಾಕೆ ಮುಚ್ಚಿದ್ದು? ಸತ್ತದ್ದು ಯಾರು?"

"ಸ್ವಲ್ಪ ದಿನ ವಿಶ್ರಾಂತಿ ಇರ್ಲಿ ಅಂತ ಮಾಮಿ. ಹೊಸ ಅಕ್ಕಿ ಊಟ ಮುಂದಿನ ವರ್ಷವೂ ಉಂಟಲ್ಲ."

ಅವರು ಎಡಗೈಯಿಂದ ಆ ಬಟ್ಟೆಯನ್ನು ಎಳೆದು ತೆಗೆದರು. "ಪರದೆ ನಮಗಾಗಿ ನಿಲ್ಲುವುದಿಲ್ಲ ಮಗಾ. ನಾವು ಕೂತ್ರೂ ಅದು ಹೋಗ್ತಾ ಇರ್ತದೆ. ಆ ಪಟ್ಟಿ ತಾ. ಬಸ್‌ಸ್ಟ್ಯಾಂಡಿನಿಂದ ಹೊರಡುವ."

ಹಾಗೆ ಮತ್ತೆ ಮೊದಲಿನಿಂದ. ಈ ಸಲ ಅವರು ಇನ್ನೊಂದು ಕೆಲಸವನ್ನೂ ಸೇರಿಸಿಕೊಂಡರು. ಕೈ ಆಟದಲ್ಲಿ ಬಿಸಿಯಾದ ಕೂಡಲೇ ಅಡುಗೆಮನೆಗೆ ಬಂದು, ತಟ್ಟೆಯಲ್ಲಿ ಅನ್ನ ಹಾಕಿಸಿಕೊಂಡು ತುತ್ತು ಕಟ್ಟಲು ಕೂರುತ್ತಿದ್ದರು. ನಮ್ಮ ಕುಚ್ಚಲಕ್ಕಿ ಅನ್ನ ಬಲ್ಲವರಿಗೆ ಗೊತ್ತು, ಅದು ಅಂಟುವುದಿಲ್ಲ, ಬೆರಳ ಸಂದಿನಿಂದ ಒಂದೊಂದೇ ಅಗುಳು ಜಾರುತ್ತದೆ. ಬೆಳ್ತಿಗೆ ಎನ್ನುವ ಬಿಳಿ ಅಕ್ಕಿಯ ಅನ್ನ ಮೆತ್ತಗೆ ಮಾಡಿಕೊಡಲೇ ಎಂದರೆ, "ಇದನ್ನು ಹಿಡಿದ್ರೆ ಹೊಸ ಅಕ್ಕಿ ಯಾವ ಲೆಕ್ಕ" ಎಂದರು. ಅಲ್ಲಿ ನನಗೊಬ್ಬಳಿಗೆ ಮಾತ್ರ ಪ್ರವೇಶ. ಮಗನನ್ನೂ ಬಿಡುತ್ತಿರಲಿಲ್ಲ. ನನ್ನಿಂದ ಚಮಚ ಬಚ್ಚಿಟ್ಟವರು ಈಗ ನನ್ನೆದುರು ಅನ್ನ ಚೆಲ್ಲುತ್ತಿದ್ದರು. ಅದು ಎಷ್ಟು ದೊಡ್ಡ ನಂಬಿಕೆ ಎಂದು ನನಗೆ ತಿಳಿಯುತ್ತಿತ್ತು.

ಒಂದು ದಿನ ತುತ್ತು ಕಟ್ಟಿತು. ಕೈ ಎದೆಯ ಮಟ್ಟಕ್ಕೆ ಏರಿತು, ಗಲ್ಲದ ಹತ್ತಿರ ಬಂದು ನಡುಗತೊಡಗಿತು. ಇನ್ನೇನು ಬಿದ್ದುಬಿಡುತ್ತದೆ. ನಾನು ಯೋಚಿಸಲೂ ಇಲ್ಲ, ಮಣಿಕಟ್ಟು ಹಿಡಿದು ಬಾಯಿಗೆ ತಲುಪಿಸಿಬಿಟ್ಟೆ. ಮಾಮಿ ಅಗಿಯಲಿಲ್ಲ. ಅನ್ನವನ್ನು ತಟ್ಟೆಯ ಬದಿಗೆ ಉಗುಳಿದರು.

"ಈ ತುತ್ತು ಯಾರದ್ದು?"

"ನಿಮ್ಮದೇ ಮಾಮಿ."

"ಅಲ್ಲ. ಕೋಲು ನೀನು ಹಿಡಿದ್ರೆ ಆಟ ನಿನ್ನದು. ನನ್ನ ಕೈ ಬೀಳುವುದಿದ್ರೆ ಬೀಳ್ಲಿ, ಮತ್ತೆ ಎತ್ತುತ್ತೇನೆ."

ನನಗೆ ಅಳು ಬಂತು, ಸಿಟ್ಟೂ ಬಂತು. "ಹಾಗಾದ್ರೆ ನಾನು ಇಲ್ಲಿ ಯಾಕೆ? ಎಂತ ಮಾಡ್ಲಿ ನಾನು?"

"ಕೂತ್ಕೊ. ನೋಡು," ಎಂದರು, ಸ್ವಲ್ಪ ಮೆತ್ತಗಾಗಿ. "ಕೈ ಕಟ್ಟಿ ನೋಡುವುದು ಸುಲಭ ಅಂತ ಎಣಿಸ್ಬೇಡ. ನನಗಿಂತ ಕಷ್ಟ ನಿನಗೇ."

ನಿಜವಾಗಿಯೂ ಕಷ್ಟವೇ ಆಯಿತು. ನನ್ನ ಸ್ವಭಾವವೇ ಅವಸರದ್ದು. ಯಾರಾದರೂ ಮಾತು ತಡವರಿಸಿದರೆ ನಾನೇ ಮುಗಿಸಿಕೊಡುವವಳು. ಅಡುಗೆಮನೆಯಲ್ಲಿ ಎರಡೂ ಕೈಗಳನ್ನು ತೊಡೆಯಡಿಗೆ ಹಾಕಿ ಕೂರುತ್ತಿದ್ದೆ. ಅಗುಳು ಬೀಳುತ್ತಿತ್ತು, ಮಾಮಿ ಕೈಗೆ ಬೈಯುತ್ತಿದ್ದರು, ಮತ್ತೆ ತುತ್ತು ಕಟ್ಟುತ್ತಿದ್ದರು.

ಹೊಸ ಅಕ್ಕಿ ಊಟದ ದಿನ ಬೆಳಿಗ್ಗೆ ಕೈ ಎದ್ದಿತ್ತು, ಆದರೆ ಬಾಯಿಗೆ ತಲುಪಿದ್ದಕ್ಕಿಂತ ಬಿದ್ದದ್ದೇ ಹೆಚ್ಚು. ಹೋಗುವುದೋ ಬೇಡವೋ ಎಂದು ಕೇಳುವ ಧೈರ್ಯ ನನಗೂ ನನ್ನ ಗಂಡನಿಗೂ ಇರಲಿಲ್ಲ. ಮಾಮಿ ಕಂಚಿಯ ಸೀರೆ ಉಟ್ಟು ಕಾರಿನಲ್ಲಿ ಮುಂದಿನ ಸೀಟಿನಲ್ಲಿ ಕೂತರು. ಕಾರು ಶಿರ್ತಾಡಿಯ ಪೇಟೆ ದಾಟುವಾಗ ಕಿಟಕಿಯಿಂದ ಅಂಗಡಿಗಳನ್ನು ನೋಡುತ್ತ, "ಎಷ್ಟು ಸಲ ಸತ್ತಿದ್ದೇನೆ ಮಾರಾಯ ಇಲ್ಲಿ" ಎಂದು ಮಗನಿಗೆ ಹೇಳಿದರು. ಧ್ವನಿಯಲ್ಲಿ ಒಂದು ಬಗೆಯ ಅಭಿಮಾನವೇ ಇತ್ತು.

ಚಾವಡಿಯಲ್ಲಿ ಎಲೆ ಹಾಕಿತ್ತು. ಮೊಣಕಾಲು ಮಡಚಲಾಗದ ಹಿರಿಯರಿಗೆಂದು ಒಂದು ಬದಿಗೆ ಮೇಜಿಟ್ಟಿದ್ದರು. ಅದರ ತುದಿಯ ಎಲೆ ಮಾಮಿಯದ್ದು. ಬಡಿಸಿ ಆಯಿತು. ಎಲ್ಲರೂ ಅವರತ್ತ ತಿರುಗಿ "ಹೊಸತು ಉಣ್ತೇವೆ" ಎಂದರು. "ಉಣ್ಣಿ" ಎಂದು ಮಾಮಿ ಕೈಯನ್ನು ಎಲೆಗಿಳಿಸಿದರು. ಎಡಗೈಯ ಸಹಾಯವಿಲ್ಲದೆ, ತಾನಾಗಿ.

ಮೊದಲ ತುತ್ತು ಎಲೆಗೇ ಬಿತ್ತು. ಎರಡನೆಯದು ಸೆರಗಿನ ಮೇಲೆ. ಅಳದಂಗಡಿ ಮಾವ ಬಗ್ಗಿ, "ಸಾಕು ಅಕ್ಕ, ಬಾಯಿಗೆ ಮುಟ್ಟಿದ ಹಾಗೇ ಲೆಕ್ಕ" ಎಂದರು. ಮಾಮಿ ಅವರತ್ತ ತಿರುಗಲಿಲ್ಲ. ಎದುರಿನ ಸಾಲಿನಲ್ಲಿ ನಾನು ಕೈಗಳನ್ನು ತೊಡೆಯಡಿಗೆ ಹಾಕಿ ಕೂತಿದ್ದೆ. ಹಲ್ಲು ಕಚ್ಚಿ ಹಿಡಿದು ದವಡೆ ನೋಯುತ್ತಿತ್ತು. ಮೂರನೆಯ ಸಲ ಕೈ ಗಲ್ಲದ ಹತ್ತಿರ ಬಂದು ನಡುಗಿತು, ನಿಂತಿತು, ಸ್ವಲ್ಪ ಮೇಲೆ ಹೋಯಿತು. ಮಾಮಿ ಬಾಯಿ ಮುಚ್ಚಿ ಅಗಿದರು.

ಎಲ್ಲರೂ ಉಣ್ಣತೊಡಗಿದರು. ಕಥೆ ಅಲ್ಲಿಗೆ ಮುಗಿಯಿತು ಎಂದು ಅವರು ಎಣಿಸಿದ್ದರೆ ಅದು ಮಾಮಿಯನ್ನು ತಿಳಿಯದ್ದಕ್ಕೆ. ಒಂದು ತುತ್ತು ಉಂಡು ಏಳುವ ಜನ ಅವರಲ್ಲ. ಅನ್ನ, ಸಾರು, ಪಲ್ಯ, ಪಾಯಸ, ಬಡಿಸಿದ್ದನ್ನೆಲ್ಲ ಬಲಗೈಯಲ್ಲೇ ಉಂಡರು. ಉಳಿದವರ ಊಟ ಮುಗಿಯಿತು, ಎಲೆ ಖಾಲಿಯಾಯಿತು, ಕೈ ಒಣಗಿತು. ಮಕ್ಕಳು ಮಿಸುಕಾಡಿದವು. ಅಡುಗೆಯವರು ಬಾಗಿಲಲ್ಲಿ ನಿಂತು ನೋಡಿದರು. ಹಿರಿಯರು ಏಳದೆ ಯಾರೂ ಏಳುವಂತಿಲ್ಲ. ಮಾಮಿ ಯಾರ ಕ್ಷಮೆಯನ್ನೂ ಕೇಳಲಿಲ್ಲ, ಅವಸರವನ್ನೂ ಮಾಡಲಿಲ್ಲ. ನನಗೆ ಆಗ ಆದ ಸಂತೋಷ ನನ್ನ ಮದುವೆಯ ದಿನವೂ ಆಗಿರಲಿಲ್ಲ ಎಂದರೆ ನನ್ನ ಗಂಡ ಬೇಸರಿಸಲಿಕ್ಕಿಲ್ಲ, ಅವನೂ ಅಲ್ಲೇ ಕೂತು ಕಣ್ಣೊರೆಸಿಕೊಳ್ಳುತ್ತಿದ್ದ.

ಆಮೇಲೆ ಮಾಮಿ ನಮ್ಮೊಡನೆಯೇ ಉಂಡರು. ಕೈ ಪೂರ್ತಿ ಹಿಂದಿನಂತಾಗಲಿಲ್ಲ. ಮೇಜಿನ ಕೆಳಗೆ ದಿನವೂ ಅನ್ನದ ಅಗುಳು ಗುಡಿಸಬೇಕಿತ್ತು. ಸಂಜೆ ವಿಮಾನ ಹಾರುತ್ತಿತ್ತು. ನಾರಾವಿಯ ಗುಹೆಯನ್ನು ಅವರು ಕೊನೆಗೂ ದಾಟಲಿಲ್ಲ. ದಾಟದಿದ್ದರೂ ಸಮಾಧಾನವಾಗಿದ್ದರು ಎಂದು ನಾನು ಸುಮ್ಮನೆ ಹೇಳುವುದಿಲ್ಲ, ದಾಟಲೇಬೇಕೆಂಬ ಹಟ ಅವರಿಗಿತ್ತು. ಇನ್ನೊಂದು ಹೊಸ ಅಕ್ಕಿ ಊಟವನ್ನೂ ಆ ತುದಿಯ ಎಲೆಯಲ್ಲಿ ಕೂತು, ಎಲ್ಲರನ್ನೂ ಕಾಯಿಸಿ ಉಂಡರು. ಅದರ ಮರುವರ್ಷ ಬೇಸಗೆಯಲ್ಲಿ ಎರಡನೆಯ ಸಲ ಪಾರ್ಶ್ವವಾಯು ಬಡಿಯಿತು. ಆಸ್ಪತ್ರೆಯಲ್ಲಿ ಹೆಚ್ಚು ದಿನ ಇರಲಿಲ್ಲ. ಮಾತು ಇರಲಿಲ್ಲ, ಬೈಗುಳವೂ ಇರಲಿಲ್ಲ. ಬೈಗುಳವಿಲ್ಲದ ಮಾಮಿಯನ್ನು ನೋಡಲು ನನ್ನಿಂದ ಆಗಲಿಲ್ಲ. ಅವರಿಲ್ಲದ ಮನೆ ನನಗೆ ಇವತ್ತಿಗೂ ಸರಿಹೋಗಿಲ್ಲ.

ಕಳೆದ ಚೌತಿಯ ನಂತರ ಅಳದಂಗಡಿಯಲ್ಲಿ ಮತ್ತೆ ಸೇರಿದೆವು. ಮಾಮಿಯ ನಂತರ ಹಿರಿಯರು ಅಳದಂಗಡಿ ಮಾವ. ಅವರಿಗೀಗ ಎರಡೂ ಕೈ ನಡುಗುವ ಕಾಯಿಲೆ. "ಹೊಸತು ಉಣ್ತೇವೆ" ಎಂದೆವು. "ಉಣ್ಣಿ" ಎಂದು ಮಾವ ತುತ್ತು ಎತ್ತಿದರು. ಅದು ಬಾಯಿ ಮುಟ್ಟುವ ಮೊದಲೇ ಚೆಲ್ಲಿತು. ಇನ್ನೊಮ್ಮೆ ಎತ್ತಿದರು, ಅದೂ ಚೆಲ್ಲಿತು. ಮಾವ ತಲೆ ತಗ್ಗಿಸಿ ಕೈಯನ್ನು ಮಡಿಲಿಗೆ ಎಳೆದುಕೊಂಡರು. ಒಳಗಿನಿಂದ ಯಾರೋ ಚಮಚ ತಂದರು, ಇನ್ನೊಬ್ಬರು ತಿನ್ನಿಸಲು ಪಕ್ಕಕ್ಕೆ ಬಂದು ಕೂತರು. ಎಲ್ಲರೂ ಒಳ್ಳೆಯವರೇ, ಪ್ರೀತಿಯಿಂದಲೇ ಮಾಡಿದ್ದು.

ಆ ಮನೆಯಲ್ಲಿ ನಾನು ಹೊರಗಿನಿಂದ ಬಂದ ಸೊಸೆ, ಪದ್ಧತಿಯ ವಿಷಯದಲ್ಲಿ ಬಾಯಿ ಹಾಕುವವಳಲ್ಲ. ಆದರೂ ಮಾತು ಬಂದೇಬಿಟ್ಟಿತು.

"ಚಮಚ ಬೇಡ," ಎಂದೆ. "ನೀವು ಉಣ್ಣಿ ಮಾವ. ನಮಗೆ ಯಾರಿಗೂ ಅವಸರ ಇಲ್ಲ, ನಾವು ಕೂರುವ."

ಚಮಚ ತಂದವರು ನಿಂತಲ್ಲೇ ನಿಂತರು. ಮಾವ ತಲೆಯೆತ್ತಿ ನನ್ನನ್ನು ನೋಡಿದರು. ಆಮೇಲೆ ಎಲೆಯಲ್ಲಿ ಚೆಲ್ಲಿದ ಅನ್ನವನ್ನು ನಿಧಾನವಾಗಿ ಒಟ್ಟುಮಾಡಿ, ಮತ್ತೆ ಕೈ ಎತ್ತಿದರು.